ಗಡಿ ಮುಟ್ಟುವ ಮುಂಚಿನ ಅಪಾಯಗಳು: ಮೈಸೂರು, ಮಂಡ್ಯ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಅಧಿಕಾರಿಗಳಿಗೆ ನಮಸ್ಕಾರ.

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ, ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ, ಮದ್ದೂರು, ಕೆ.ಆರ್. ಪೇಟೆ, ಹುಣಸೂರು, ಎಚ್.ಡಿ. ಕೋಟೆ ಕಡೆಯ ನಾಲೆ ಏರಿಗಳ ಮೇಲೆ ಕೋಳಿ ಕೂಗುವ ಹೊತ್ತಿಗೆ ಓಡುತ್ತಿರುವ ಹುಡುಗರಲ್ಲಿ ಬಹಳ ಮಂದಿ ಸೈನ್ಯಕ್ಕೆ ತಯಾರಾಗುತ್ತಿರುವವರು. ಅವರು ನಮ್ಮ ಗೆಳೆಯರು, ನಮ್ಮ ತಮ್ಮಂದಿರು. ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ನಿವೃತ್ತ ಸೈನಿಕರು, ದೈಹಿಕ ಶಿಕ್ಷಕರು, ವೈದ್ಯರು ಇದ್ದಾರೆ. ಸೈನ್ಯಕ್ಕೆ ಹೋಗಬೇಡಿ ಅಂತ ಯಾರಿಗೂ ಹೇಳುತ್ತಿಲ್ಲ. ಹೋಗುವವರನ್ನು ನಾವು ಎಷ್ಟು ತಯಾರಿಲ್ಲದೆ ಕಳಿಸುತ್ತಿದ್ದೇವೆ ಎಂಬುದು ನಮ್ಮ ಚಿಂತೆ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಮಂದಿಯನ್ನು ಕಳೆದುಕೊಂಡೆವು. ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದರ ಹೆಸರು ಎಲ್ಲರಿಗೂ ನೆನಪಿದೆ; ಅದೇ ಹಿಮದಡಿ ನಮ್ಮ ಎಚ್.ಡಿ. ಕೋಟೆಯ ಸಿಪಾಯಿ ಮಹೇಶ ಕೂಡ ಇದ್ದರು. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಸಿಆರ್‌ಪಿಎಫ್ ಯೋಧ ಎಚ್. ಗುರು ಹೋದರು. ಇಂಥದ್ದು ಆಗಬಹುದು ಅಂತ ಗೊತ್ತಿದ್ದೇ ಹುಡುಗರು ಅರ್ಜಿ ಹಾಕುತ್ತಾರೆ. ಆ ಅಪಾಯವನ್ನು ಅವರು ಒಪ್ಪಿಕೊಂಡಿದ್ದಾರೆ, ಅದನ್ನು ತಗ್ಗಿಸುವ ಹೊಣೆ ಸೈನ್ಯದ್ದು. ಆದರೆ ಮೈದಾನದಲ್ಲಿ, ನೇಮಕಾತಿಯ ರ್‍ಯಾಲಿಯಲ್ಲಿ, ತರಬೇತಿ ಕೇಂದ್ರದಲ್ಲಿ, ರಜೆಯಲ್ಲಿ, ಕಾಗದ ಪತ್ರದಲ್ಲಿ ಕಾದು ಕೂತಿರುವ ಅಪಾಯಗಳನ್ನು ಅವರು ಒಪ್ಪಿಕೊಂಡಿಲ್ಲ, ಯಾಕೆಂದರೆ ಅವರಿಗೆ ಯಾರೂ ಹೇಳಿಲ್ಲ. ಅವುಗಳಲ್ಲಿ ಮುಕ್ಕಾಲು ಪಾಲನ್ನು ಜಿಲ್ಲೆಯಲ್ಲೇ ತಡೆಯಬಹುದು ಎಂಬುದು ನಮ್ಮ ನಂಬಿಕೆ.

ಓಟದಿಂದ ಶುರುಮಾಡೋಣ. ರ್‍ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಮುಂದಿನ 15 ಸೆಕೆಂಡಿನಲ್ಲಿ ಬಂದವರಿಗೆ 48. ಬೀಮ್‌ನಲ್ಲಿ ಜೋತುಬಿದ್ದು ಮೈಯನ್ನು ಹತ್ತು ಸಲ ಮೇಲಕ್ಕೆಳೆದರೆ 40, ಆರೇ ಸಲ ಎದ್ದರೆ 16. ಹದಿನೈದು ಸೆಕೆಂಡಿಗೆ ಹನ್ನೆರಡು ಅಂಕ ಎಂಬ ಈ ಲೆಕ್ಕವೇ ಹುಡುಗರನ್ನು ನೋವಿನ ಮಾತ್ರೆಗೆ, ಡಬ್ಬಿಯ ಪ್ರೋಟೀನ್ ಪುಡಿಗೆ, ಕೆಲವು ಕಡೆ ಸ್ಟೆರಾಯ್ಡ್ ಇಂಜೆಕ್ಷನ್ನಿಗೆ ದೂಡುತ್ತಿದೆ. ಪಿಯುಸಿ ಮುಗಿಸಿ ಎರಡು ತಿಂಗಳಲ್ಲಿ ಆ ವೇಗ ತಲುಪುತ್ತೇನೆ ಅಂತ ಹೊರಡುವವನ ಮೈಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಸೋಲುವುದು ಮೂಳೆ. ಓಡಲು ಶುರುಮಾಡಿದ ಎರಡು ಮೂರು ವಾರದಲ್ಲಿ ಉಸಿರಿನ ಶಕ್ತಿ ಹೆಚ್ಚುತ್ತದೆ, ತೊಡೆ ಗಟ್ಟಿಯಾಗುತ್ತದೆ, ಹುಡುಗನಿಗೆ ಹುರುಪು ಏರುತ್ತದೆ. ಮೂಳೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಪದರವನ್ನು ಕರಗಿಸಿಕೊಂಡು ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ಮೂರು ನಾಲ್ಕು ವಾರ ಅದು ಮೊದಲಿಗಿಂತಲೂ ದುರ್ಬಲ. ಸರಿಯಾಗಿ ಅದೇ ಹೊತ್ತಿಗೆ ಹುಡುಗ ಓಟ ಹೆಚ್ಚಿಸಿರುತ್ತಾನೆ, ಅದೂ ಡಾಂಬರಿನ ಮೇಲೆ, ಸವೆದ ಕ್ಯಾನ್ವಾಸ್ ಶೂನಲ್ಲಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುವುದು ಹೀಗೆ. ಇದನ್ನು ಗುರುತಿಸುವುದು ಸುಲಭ. ಮಾಂಸಖಂಡದ ನೋವಾದರೆ ಕೈಯಾಡಿಸಿ ‘ಇಲ್ಲೆಲ್ಲಾ’ ಅನ್ನುತ್ತಾನೆ. ಬಿರುಕಾದರೆ ಒಂದೇ ಬೆರಳಿಟ್ಟು ‘ಇಲ್ಲಿ’ ಅನ್ನುತ್ತಾನೆ. ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗುವುದಿಲ್ಲ, ರಾತ್ರಿಯೂ ಸೆಳೆಯುತ್ತದೆ. ಎಕ್ಸ್‌ರೇ ತೆಗೆಸಿ ‘ಏನಿಲ್ಲ’ ಅಂದರಂತ ಮತ್ತೆ ಓಡುವುದು ದೊಡ್ಡ ತಪ್ಪು. ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐನಲ್ಲಿ ಕಾಣುತ್ತದೆ. ಆರರಿಂದ ಎಂಟು ವಾರ ಓಟ ನಿಲ್ಲಿಸಿದರೆ ಬಹುತೇಕ ಪೂರ್ತಿ ಕೂಡುತ್ತದೆ. ಮಾತ್ರೆ ನುಂಗಿ ರ್‍ಯಾಲಿ ಪಾಸಾದರೆ ಅದೇ ಬಿರುಕು ತರಬೇತಿ ಕೇಂದ್ರದಲ್ಲಿ, ಬೆನ್ನಿಗೆ ಭಾರ ಬಿದ್ದಾಗ, ಪೂರ್ತಿ ಮುರಿಯಬಹುದು.

ಇದಕ್ಕೆ ಪರಿಹಾರ ದುಬಾರಿಯದ್ದಲ್ಲ. ಹಿಂದಿನ ವಾರ ಓಡಿದ್ದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು. ವಾರಕ್ಕೆ ಎರಡು ದಿನ ಕಾಲಿಗೆ ಬಿಡುವು. ಮಣ್ಣಿನ ಹಾದಿ ಇದ್ದರೆ ಡಾಂಬರು ಬೇಡ. ಬೆಟ್ಟ ಹತ್ತುವುದು ಒಳ್ಳೆಯದು, ಮೆಟ್ಟಿಲಿಳಿದು ಓಡುವುದು ಮಾತ್ರ ಬೇಡ. ಮಂಡಿಗೂ ಮೂಳೆಗೂ ಪೆಟ್ಟು ಬೀಳುವುದು ಇಳಿಯುವಾಗಲೇ. ಊಟದ ವಿಷಯದಲ್ಲಿ ನಮ್ಮ ಸೀಮೆ ಅದೃಷ್ಟದ್ದು. ರಾಗಿ ಮುದ್ದೆಯಲ್ಲಿ ಸುಣ್ಣದಂಶ ಇದೆ, ಹುರುಳಿಕಾಳಿನ ಬಸ್ಸಾರಿದೆ, ಸೊಪ್ಪಿದೆ. ಮೊಟ್ಟೆಯೋ ಹಾಲೋ ಸೇರಿಸಿದರೆ ಡಬ್ಬಿಯ ಪುಡಿ ಬೇಕಿಲ್ಲ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಲಿ.

ಎರಡನೆಯದು ಹೃದಯ. 2024ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ಓಟದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಗಂಡಸರು ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಡಬೇಕಿತ್ತು, ಬಿಸಿಲಿತ್ತು. ಅದು ಸೈನ್ಯದ ನೇಮಕಾತಿಯಲ್ಲ, ಆದರೆ ಓಡಿದವರು ಇದೇ ವಯಸ್ಸಿನ, ಇದೇ ಬಗೆಯ ಮನೆಗಳ ಮಕ್ಕಳು. ಕೆಲವರಿಗೆ ಹುಟ್ಟಿನಿಂದಲೇ ಹೃದಯದ ಗೋಡೆ ದಪ್ಪ ಇರುತ್ತದೆ, ಇಲ್ಲವೇ ಬಡಿತದ ವಿದ್ಯುತ್ತಿನಲ್ಲಿ ದೋಷ ಇರುತ್ತದೆ. ಸಾಮಾನ್ಯ ಬದುಕಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕಷ್ಟು ತಿಳಿಯುತ್ತದೆ. ಮನೆಯಲ್ಲಿ ಯಾರಾದರೂ ನಲವತ್ತರೊಳಗೆ ದಿಢೀರನೆ ತೀರಿಕೊಂಡಿದ್ದಾರಾ? ಓಡುತ್ತಿರುವಾಗಲೇ ಕಣ್ಣು ಕತ್ತಲಿಟ್ಟು ಬಿದ್ದಿದ್ದೀಯಾ? ಓಡುವಾಗ ಎದೆ ಹಿಡಿಯುತ್ತದಾ? ಒಂದಕ್ಕೆ ‘ಹೌದು’ ಅಂದರೂ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಆಗದೆ ಆ ಹುಡುಗ ಟ್ರ್ಯಾಕ್‌ಗೆ ಇಳಿಯಬಾರದು. ಓಟ ಮುಗಿಸಿ ನಿಂತ ಮೇಲೆ ತಲೆ ಸುತ್ತುವುದು ಬೇರೆ, ಓಡುತ್ತಲೇ ಬೀಳುವುದು ಬೇರೆ; ಎರಡನೆಯದು ಗಂಭೀರ. ಜ್ವರ ಬಂದಾಗ ಓಡುವ ಹಟವೂ ಹಾಗೇ. ಕೆಲವು ವೈರಲ್ ಜ್ವರ ಹೃದಯದ ಮಾಂಸಕ್ಕೇ ಊತ ತರುತ್ತದೆ, ಆಗ ಓಡಿದರೆ ಬಡಿತ ತಪ್ಪಬಹುದು. ಜ್ವರ ಪೂರ್ತಿ ಬಿಟ್ಟು, ಮೆಟ್ಟಿಲು ಹತ್ತಿದರೂ ಸುಸ್ತಾಗದಂತಾದ ಮೇಲೆ ಓಟ.

ಮಾನ್ಯರೇ, ಇದು ನಮ್ಮ ಮೊದಲ ಬೇಡಿಕೆ. ಪ್ರತಿ ರ್‍ಯಾಲಿಗೆ ಎರಡು ಮೂರು ತಿಂಗಳು ಮೊದಲು ಎರಡೂ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದೊಂದು ದಿನ ಉಚಿತ ತಪಾಸಣೆ ಇಡಿ. ಈ ಮೂರು ಪ್ರಶ್ನೆ, ಬಿಪಿ, ಒಂದು ಇಸಿಜಿ, ಹಿಮೋಗ್ಲೋಬಿನ್. ಅನುಮಾನ ಬಂದವರನ್ನು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೋ, ಕೆ.ಆರ್. ಆಸ್ಪತ್ರೆಗೋ, ಮಂಡ್ಯದ ಮಿಮ್ಸ್‌ಗೋ ಎಕೋಗೆ ಕಳಿಸಿ.

ಆ ರಕ್ತಪರೀಕ್ಷೆಗೇ ಕುಡಗೋಲು ಕಣ ರೋಗದ, ಅಂದರೆ ಸಿಕಲ್ ಸೆಲ್‌ನ ತಪಾಸಣೆ ಸೇರಿಸಬೇಕೆಂದು ಒತ್ತಿ ಕೇಳುತ್ತೇವೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಿಂದಲೂ ಹುಡುಗರು ಸೈನ್ಯಕ್ಕೆ ಹೋಗಬಯಸುತ್ತಾರೆ. ಬುಡಕಟ್ಟು ಸಮುದಾಯಗಳಲ್ಲಿ ಈ ರೋಗದ ವಂಶಗುಣ ಹೆಚ್ಚು ಕಂಡುಬರುತ್ತದೆ ಎಂಬ ಕಾರಣಕ್ಕೇ 2023ರ ಜುಲೈ 1ರಂದು ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು, ಕರ್ನಾಟಕವೂ ಅದರಲ್ಲಿದೆ. ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದವನು ರೋಗಿಯಲ್ಲ, ಎಲ್ಲರಂತೆ ಬದುಕುತ್ತಾನೆ, ದುಡಿಯುತ್ತಾನೆ. ಆದರೆ ನೀರಿಲ್ಲದೆ, ಬಿಸಿಲಲ್ಲಿ, ಮೈ ಮೀರಿ ಓಡಿದಾಗ ಅವನ ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಸೊಂಟ, ತೊಡೆ ಸೋತು ಕುಸಿಯುತ್ತಾನೆ. ‘ಸುಸ್ತಾಗಿದ್ದಾನೆ, ಎಬ್ಬಿಸಿ ಓಡಿಸಿ’ ಅಂದರೆ ಪ್ರಾಣ ಹೋಗುತ್ತದೆ. ಎತ್ತರದ ಬೆಟ್ಟಗಳಲ್ಲಿ ಗುಲ್ಮಕ್ಕೂ, ಅಂದರೆ ಹೊಟ್ಟೆಯ ಎಡಗಡೆಯ ಸ್ಪ್ಲೀನಿಗೂ ತೊಂದರೆಯಾಗಬಹುದು. ಈ ಪರೀಕ್ಷೆ ಯಾರನ್ನೂ ಹೊರಗಿಡಲು ಬಳಕೆಯಾಗಬಾರದು. ಫಲಿತಾಂಶ ಹುಡುಗನ ಕೈಗೆ ಮಾತ್ರ ಹೋಗಲಿ, ಅದರ ಅರ್ಥವನ್ನು ಅವನಿಗೆ ತಿಳಿಯುವ ಮಾತಿನಲ್ಲಿ ವೈದ್ಯರು ಹೇಳಲಿ.

ಬಿಸಿಲಿನ ಪೆಟ್ಟು ನಮ್ಮ ಕಡೆ ಮಾರ್ಚ್‌ನಿಂದ ಮೇ ತನಕದ ಸಂಗತಿ ಅಂದುಕೊಂಡಿದ್ದೇವೆ. ಆದರೆ ಗಟ್ಟಿಯಾಗಿ ಓಡುವವನ ಮೈ ಒಳಗಿನಿಂದಲೇ ಬಿಸಿಯಾಗುತ್ತದೆ. ಮೋಡ ಕವಿದ ದಿನವೂ ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ತಡವರಿಸಿ ಮಾತಾಡುವುದು, ದಿಕ್ಕು ತಪ್ಪಿ ಓಡುವುದು, ಸುಮ್ಮನೆ ಸಿಟ್ಟಾಗುವುದು ಇದರ ಗುರುತು. ಬೆವರು ನಿಂತಿರಲೇಬೇಕು ಅಂತಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು, ಹುಡುಗನನ್ನು ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ ಓಡುವುದು. ಮೊದಲು ತಂಪು, ಆಮೇಲೆ ಆಸ್ಪತ್ರೆ. ಒಂದು ಟಾರ್ಪಾಲಿನ ನಡುವೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದು, 100–150 ಲೀಟರ್ ನೀರು, ಇಪ್ಪತ್ತು ಮೂವತ್ತು ಕೆ.ಜಿ. ಐಸ್ ಸುರಿದು, ತಲೆಯನ್ನು ಮೇಲೆ ಹಿಡಿದು ನೀರನ್ನು ಅಲುಗಾಡಿಸುತ್ತಿರಬೇಕು. ಐಸ್ ಇಲ್ಲದಿದ್ದರೆ ಬೋರ್‌ವೆಲ್ ನೀರೇ ಸುರಿಯಲಿ. ಕುಸಿದ ಅರ್ಧ ಗಂಟೆಯೊಳಗೆ ಮೈ ಬಿಸಿ ಇಳಿದರೆ ಬದುಕುತ್ತಾನೆ. ಈ ನಡುವೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಲಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಮರುದಿನ ಮೂತ್ರ ಕಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾಂಸಖಂಡ ಒಡೆದು ಮೂತ್ರಪಿಂಡಕ್ಕೆ ಕಟ್ಟುತ್ತಿದೆ ಎಂದರ್ಥ. ಅಂದೇ ಆಸ್ಪತ್ರೆಗೆ ಹೋಗಬೇಕು, ನೋವಿನ ಮಾತ್ರೆ ಮುಟ್ಟಲೇಬಾರದು. ಪ್ರತಿ ಜಿಲ್ಲಾ ಕ್ರೀಡಾಂಗಣದಲ್ಲಿ ಒಂದು ಟಾರ್ಪಾಲು, ಡ್ರಮ್ಮು, ಓಆರ್‌ಎಸ್ ಪೊಟ್ಟಣ, ಎದೆಗೆ ಶಾಕ್ ಕೊಡುವ ಎಇಡಿ ಯಂತ್ರ, ಅದನ್ನು ಬಳಸಲು ಗೊತ್ತಿರುವ ಒಬ್ಬ ಸಿಬ್ಬಂದಿ ಇರಲಿ. ಎಇಡಿ ಬೀಗ ಹಾಕಿದ ಕೋಣೆಯಲ್ಲಿದ್ದರೆ ಪ್ರಯೋಜನವಿಲ್ಲ; ಹುಡುಗರು ಬರುವುದು ಕಚೇರಿ ತೆರೆಯುವುದಕ್ಕೆ ಐದು ಗಂಟೆ ಮೊದಲು.

ಇನ್ನು ಕಾಗದದ ವಿಷಯ. ಇಲ್ಲಿ ಆಗುವ ಅನಾಹುತ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಮಾತಾಡುವುದಿಲ್ಲ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಅಗ್ನಿವೀರನಾಗಿ ಸೇರುವ ಹುಡುಗನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಕೈಗೆ ಬರುವುದು 21,000, ಉಳಿದ 9,000 ಅವಧಿ ಮುಗಿದಾಗ ಸಿಗುವ ಸೇವಾನಿಧಿಗೆ. ನಾಲ್ಕನೇ ವರ್ಷ 40,000, ಕೈಗೆ 28,000. ನಾಲ್ಕು ವರ್ಷಕ್ಕೆ ಅವನ ಪಾಲು 5.02 ಲಕ್ಷ, ಸರ್ಕಾರದ ಪಾಲೂ ಅಷ್ಟೇ, ಬಡ್ಡಿ ಸೇರಿ ಸುಮಾರು 11.71 ಲಕ್ಷ ತೆರಿಗೆಯಿಲ್ಲದೆ ಸಿಗುತ್ತದೆ. 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಅವನಿಂದ ಕಂತಿಲ್ಲ. ಸಾವು ಸೇವೆಯ ಕಾರಣದಿಂದ ಆದದ್ದೆಂದು ತೀರ್ಮಾನವಾದರೆ ಇನ್ನೂ 44 ಲಕ್ಷ, ಉಳಿದ ಅವಧಿಯ ಸಂಬಳವೂ ಸೇರುತ್ತದೆ. ಸೇವೆಯ ಕಾರಣದಿಂದ ಅಂಗವೈಕಲ್ಯವಾದರೆ ಶೇ. 100, 75, 50ಕ್ಕೆ ಕ್ರಮವಾಗಿ 44, 25, 15 ಲಕ್ಷ, ಒಂದೇ ಸಲ. ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ, ಮಾಜಿ ಸೈನಿಕ ಎಂಬ ಸ್ಥಾನವಿಲ್ಲ. ಇಪ್ಪತ್ತೊಂದು ವಯಸ್ಸಿಗೆ ಕಾಲು ಕಳೆದುಕೊಂಡವನಿಗೆ ತಿಂಗಳ ಪಿಂಚಣಿಯ ಬದಲು ಒಂದು ಗಂಟು ಹಣ ಕೊಟ್ಟು ಕಳಿಸುವುದು ನ್ಯಾಯವಲ್ಲ ಎಂದು ನಾವು ಭಾವಿಸುತ್ತೇವೆ; ಆ ಮಾತನ್ನು ದೆಹಲಿಗೆ ಮುಟ್ಟಿಸುವುದು ನಮ್ಮ ಸಂಸದರ ಕೆಲಸ.

ಜಿಲ್ಲೆಯ ಮಟ್ಟದಲ್ಲಿ ಗಮನಿಸಬೇಕಾದ್ದು ‘ಸೇವೆಯ ಕಾರಣದಿಂದ’ ಎಂಬ ಎರಡೇ ಪದ. 44 ಲಕ್ಷ ಬರುವುದೂ ಬಾರದಿರುವುದೂ ಅದರ ಮೇಲೆ ನಿಂತಿದೆ. ತರಬೇತಿಯಲ್ಲಿ ಕಾಲು ಉಳುಕಿದಾಗ, ಕಿವಿಗೆ ಸ್ಫೋಟದ ಸದ್ದು ಬಡಿದಾಗ ‘ಸಣ್ಣದು ಬಿಡಿ’ ಅಂತ ನುಂಗಿಕೊಳ್ಳುವ ಹುಡುಗನ ಬಳಿ ಮುಂದೆ ಸಾಕ್ಷಿ ಇರುವುದಿಲ್ಲ. ಗಾಯವಾದ ದಿನವೇ ವೈದ್ಯಕೀಯ ಕೋಣೆಯಲ್ಲಿ ದಾಖಲಾಗಬೇಕು, ಗಾಯದ ವರದಿ, ಅಂದರೆ ಇಂಜುರಿ ರಿಪೋರ್ಟ್ ತುಂಬಿಸಬೇಕು. ವಿಚಾರಣೆ ನಡೆದರೆ ಅದರ ಫಲಿತಾಂಶ ಏನೆಂದು ಕೇಳಿ ತಿಳಿದುಕೊಳ್ಳಬೇಕು. ತರಬೇತಿಯೂ ಯುದ್ಧದಷ್ಟೇ ಅಪಾಯದ್ದಾಗಬಹುದು: 2024ರ ಅಕ್ಟೋಬರ್‌ನಲ್ಲಿ ನಾಸಿಕ್‌ ಬಳಿ ಫಿರಂಗಿ ತರಬೇತಿಯಲ್ಲಿ ಶೆಲ್ ಸಿಡಿದು ಇಬ್ಬರು ಅಗ್ನಿವೀರರು ಸತ್ತರು. ರಜೆಯಲ್ಲಿ ಊರಿಗೆ ಬಂದಾಗ ಸ್ವಂತ ಕೆಲಸಕ್ಕೆ ಬೈಕಿನಲ್ಲಿ ಹೋಗಿ ಬಿದ್ದರೆ ಅದು ಸೇವೆಯ ಕಾರಣ ಎನಿಸಿಕೊಳ್ಳುವುದು ಕಷ್ಟ. ವರ್ಷಕ್ಕೆ 30 ದಿನದ ರಜೆ. ಗೆಳೆಯ ಬಂದ ಖುಷಿಗೆ ರಾತ್ರಿ ಮೈಸೂರು ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದೆ ಮೂವರು ಒಂದೇ ಗಾಡಿಯಲ್ಲಿ ಹೋಗುವ ನಮ್ಮ ಹುಡುಗರು ಇದನ್ನು ತಿಳಿದಿರಲಿ.

ಹೆಸರಿನ ಗೊಂದಲ ನಮ್ಮ ಸೀಮೆಯ ದೊಡ್ಡ ಕಂಟಕ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ತಾಯಿ ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮಿ, ರೇಷನ್ ಕಾರ್ಡಿನಲ್ಲಿ ಮಹಾಲಕ್ಷ್ಮಮ್ಮ. ಮದುವೆಯಾಗದ ಹುಡುಗರನ್ನೇ ಸೇರಿಸಿಕೊಳ್ಳುವುದರಿಂದ ಸಾಮಾನ್ಯವಾಗಿ ನಾಮಿನಿ ತಾಯಿಯೇ. ಮಗ ಹೋದ ದುಃಖದಲ್ಲಿ ಆಕೆ ನೋಟರಿ, ತಹಶೀಲ್ದಾರರ ಕಚೇರಿ ಅಂತ ಅಲೆಯುವಂತಾಗಬಾರದು. ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಯಲ್ಲೂ ಒಂದೇ ಹೆಸರು ಮಾಡಿಸಿಕೊಳ್ಳಲು ನಾಡಕಚೇರಿ, ಆಧಾರ್ ಕೇಂದ್ರಗಳಲ್ಲಿ ಈ ಹುಡುಗರಿಗೆ ಆದ್ಯತೆ ಕೊಡಿ. ಸೇರಿದ ಮೇಲೆ ಮನೆಯ ಟ್ರಂಕಿನಲ್ಲಿ ಒಂದು ಫೈಲ್ ಇರಬೇಕು: ಸೇನಾ ಸಂಖ್ಯೆ, ಯುನಿಟ್ಟಿನ ವಿಳಾಸ, ನಾಮಿನಿ ನಮೂನೆಯ ನಕಲು, ಸಂಬಳದ ಖಾತೆಯ ಪಾಸ್‌ಬುಕ್, ರಕ್ತದ ಗುಂಪು, ಹಳೆಯ ವೈದ್ಯಕೀಯ ಚೀಟಿಗಳು. ಇದರ ಮಾಹಿತಿಯನ್ನು ಎರಡು ಪುಟದ ಕನ್ನಡ ಕರಪತ್ರವಾಗಿ ಸೈನಿಕ ಕಲ್ಯಾಣ ಇಲಾಖೆ ಅಚ್ಚುಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಗೆ ಕಳಿಸಲಿ. ತಾಯಂದಿರಿಗೆ ಓದಿ ಹೇಳುವವರು ಇರಲಿ.

ಎತ್ತರದ ಪ್ರದೇಶದ ಬಗ್ಗೆ ಊರಿನವರೂ ತಿಳಿದಿರಬೇಕಾದ ಒಂದು ಮಾತಿದೆ. 9,000 ಅಡಿಗಿಂತ ಮೇಲೆ ಹೋಗುವವರಿಗೆ ಸೈನ್ಯ ಮೊದಲ ಹಂತದಲ್ಲಿ ಆರು ದಿನ, 12,000 ಅಡಿಯ ಮೇಲೆ ನಾಲ್ಕು ದಿನ, 15,000 ಅಡಿಯ ಮೇಲೆ ಮತ್ತೆ ನಾಲ್ಕು ದಿನ ಮೈ ಹೊಂದಿಸಿಕೊಳ್ಳಲು ಕೊಡುತ್ತದೆ. ಸುಮಾರು 2,500 ಅಡಿಯ ಮೈಸೂರಿನಲ್ಲಿ ತಿಂಗಳು ರಜೆ ಕಳೆದವನ ಮೈ ಹಳೆಯ ರೂಢಿಯನ್ನು ಮರೆತಿರುತ್ತದೆ. ಎದೆಗೆ ಇಳಿದ ನೆಗಡಿ, ಕೆಮ್ಮು ಇಟ್ಟುಕೊಂಡು ಹೊರಟವನಿಗೆ ಅಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಹೆಚ್ಚು. ಎರಡನೇ ರಾತ್ರಿಯಿಂದ ನಾಲ್ಕನೇ ರಾತ್ರಿಯೊಳಗೆ ಶುರುವಾಗುತ್ತದೆ: ಮಲಗಿದರೆ ಉಸಿರು ಕಟ್ಟುತ್ತದೆ, ಕೆಮ್ಮಿದರೆ ನಸುಗೆಂಪು ನೊರೆ. ಕೆಳಗಿಳಿಸುವುದು, ಆಮ್ಲಜನಕ ಕೊಡುವುದೇ ಮದ್ದು. ಹೊರಡುವ ವಾರ ಕೆಮ್ಮಿದ್ದರೆ ಮುಚ್ಚಿಡದೆ ಯುನಿಟ್ಟಿನ ವೈದ್ಯರಿಗೆ ಹೇಳು ಅಂತ ಗೆಳೆಯರೇ ಒತ್ತಾಯಿಸಬೇಕು.

ಮನಸ್ಸಿನ ಪೆಟ್ಟು ಇದಕ್ಕಿಂತ ಗುಟ್ಟಾದದ್ದು. 2022ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಹಿಂದಿನ ಐದು ವರ್ಷದಲ್ಲಿ ಮೂರೂ ಪಡೆಗಳಲ್ಲಿ 819 ಮಂದಿ ಆತ್ಮಹತ್ಯೆ ಮಾಡಿಕೊಂಡರು, ಭೂಸೇನೆಯಲ್ಲೇ 642. ಊರಿನ ಜಮೀನು ವ್ಯಾಜ್ಯ, ಅಪ್ಪನ ಸಾಲ, ಅಕ್ಕನ ಮದುವೆ, ಎಲ್ಲವನ್ನೂ ಫೋನಿನಲ್ಲಿ ಕೇಳಿ ಅಲ್ಲಿಂದ ಏನೂ ಮಾಡಲಾಗದೆ ಒದ್ದಾಡುವವನು ಎದುರಿಗೆ ಕೂತ ಗೆಳೆಯನಿಗೂ ಹೇಳಿಕೊಳ್ಳುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರ್‌ನಿಂದ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆಂದೇ ಅದರ ಪ್ರತ್ಯೇಕ ಘಟಕವಿದೆ. ಸೈನಿಕನ ಮನೆಯ ಜಮೀನು, ಪೋಡಿ, ಖಾತೆ ತಕರಾರಿನ ಅರ್ಜಿಗಳನ್ನು ತಿಂಗಳಿಗೊಂದು ದಿನ ಪ್ರತ್ಯೇಕವಾಗಿ ವಿಚಾರಿಸಿದರೆ, ಜಿಲ್ಲಾಧಿಕಾರಿಗಳೇ, ಅದು ಮನೋವೈದ್ಯರು ಮಾಡಲಾರದ ಕೆಲಸವನ್ನು ಮಾಡುತ್ತದೆ.

ಸೈನ್ಯದಲ್ಲಿ ಕೆಲಸ ಕೊಡಿಸುತ್ತೇನೆನ್ನುವ ಮಧ್ಯವರ್ತಿಯ ಆಟವನ್ನು ಪೊಲೀಸರು ಬಲ್ಲರು. ಹತ್ತು ಹುಡುಗರಿಂದ ಲಕ್ಷಗಟ್ಟಲೆ ಮುಂಗಡ, ಜೊತೆಗೆ ಅಸಲಿ ಅಂಕಪಟ್ಟಿ. ಇಬ್ಬರು ಸ್ವಂತ ಶಕ್ತಿಯಿಂದ ಪಾಸಾಗುತ್ತಾರೆ, ಅವರ ದುಡ್ಡು ಅವನದು. ಉಳಿದವರಿಗೆ ಸತಾಯಿಸಿ ಅಷ್ಟೋ ಇಷ್ಟೋ ವಾಪಸ್. ಕಂಪ್ಯೂಟರಿನಲ್ಲಿ ಬರೆಯುವ ಪ್ರವೇಶ ಪರೀಕ್ಷೆಯನ್ನಾಗಲಿ, ಎಲ್ಲರೆದುರು ನಡೆಯುವ ಓಟವನ್ನಾಗಲಿ ಅವನು ಬದಲಿಸಲಾರ. ಇದಕ್ಕಿಂತ ಭಯಾನಕವಾದದ್ದು ಹೊರದೇಶದ ಸೈನ್ಯದ ಬಲೆ. ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ ಅಂತ ಕರೆದೊಯ್ದು ರಷ್ಯಾದ ಪಡೆಗೆ ಸೇರಿಸಿದ ಪ್ರಕರಣಗಳಲ್ಲಿ ಕಲಬುರಗಿಯ ಯುವಕರೂ ಸಿಕ್ಕಿಬಿದ್ದಿದ್ದರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಹೇಳಿದ ಲೆಕ್ಕ: 126 ಭಾರತೀಯರು, ಅವರಲ್ಲಿ 12 ಮಂದಿ ಸಾವು, 16 ಮಂದಿ ನಾಪತ್ತೆ. ರ್‍ಯಾಲಿಯಲ್ಲಿ ಸೋತು, ವಯಸ್ಸು ಮೀರಿ, ಮನೆಗೆ ಮುಖ ತೋರಿಸಲಾಗದೆ ಕೂತ ಹುಡುಗನೇ ಈ ಬಲೆಗೆ ಬೀಳುವವನು. ಏಜೆಂಟನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡದೆ, ಓದಲು ಬಾರದ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಬಾರದು.

2022ರ ಕೊನೆ, 2023ರ ಆರಂಭದಲ್ಲಿ ಸೇರಿದ ಅಗ್ನಿವೀರರ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ, 2027ರ ಆರಂಭಕ್ಕೆ ಮುಗಿಯುತ್ತದೆ. ಸೈನ್ಯದಲ್ಲೇ ಉಳಿಯುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು. ಉಳಿದವರ ಕೈಯಲ್ಲಿ 11 ಲಕ್ಷ ಇರುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಚೀಟಿ ವ್ಯವಹಾರದವರೂ ಸೈಟು ಮಾರುವವರೂ ಬಾಗಿಲಿಗೆ ಬರುತ್ತಾರೆ. ಹಾಗೆ ಹಿಂದಿರುಗಿದವರಲ್ಲಿ ಕಿವಿ ಕೇಳಿಸದವರು, ಬೆನ್ನು ಹಿಡಿದವರು ಎಷ್ಟು ಮಂದಿ ಎಂದು ಎಣಿಸಲು, ಮಿಮ್ಸ್ ಮತ್ತು ಕೆ.ಆರ್. ಆಸ್ಪತ್ರೆಯಲ್ಲಿ ಅವರಿಗೆ ಒಂದು ಚೀಟಿ ಕೌಂಟರ್ ತೆರೆಯಲು ಈಗಲೇ ಆದೇಶ ಹೊರಡಬೇಕು.

ಇಸಿಜಿ ಯಂತ್ರದಿಂದ ಶುರುಮಾಡಿ. ಯಾವ ದಿನ ಕಳಿಸುತ್ತೀರಿ ಎಂದು ಹೇಳಿದರೆ ಸಾಕು, ಹುಡುಗರನ್ನು ಕರೆತಂದು ಸಾಲಾಗಿ ನಿಲ್ಲಿಸುವ ಕೆಲಸ ನಮ್ಮದು. ಬೆಳಿಗ್ಗೆ ಐದೂವರೆಗೆ ಅವರು ಮೈದಾನದಲ್ಲೇ ಇರುತ್ತಾರೆ.

ಇಂತಿ,
ಸೈನ್ಯಕ್ಕೆ ಹೊರಟವರ ಗೆಳೆಯರು
ಮೈಸೂರು ಮತ್ತು ಮಂಡ್ಯ